ನೂರೈವತ್ತು ರೂಪಾಯಿಯ ಮಲ್ಲಿಗೆ

ನನಗೆ ಬರುವ ಫೋನ್ ಕರೆಗಳಲ್ಲಿ ಅರ್ಧಕ್ಕೂ ಹೆಚ್ಚು ಒಂದೇ ಕೋರಿಕೆಯವು: "ಸೋಪಿಗೆ ಹಾಕಲು ಒರಿಜಿನಲ್ ಎಸೆನ್ಶಿಯಲ್ ಆಯಿಲ್ ಬೇಕು. ಅಂಗಡಿಯ ವಿಳಾಸ ಕೊಡಿ." ಎಸೆನ್ಶಿಯಲ್ ಆಯಿಲ್ ಎಂದರೆ ಗಿಡದಿಂದಲೇ ತೆಗೆದ ಪರಿಮಳದ ಎಣ್ಣೆ. ಸುಗಂಧ ಪ್ರಯೋಗಾಲಯದಲ್ಲಿ ತಲೆ ನೆರೆಸಿಕೊಂಡವನು ನಾನು. ಭಾನುವಾರಗಳಲ್ಲಿ ಮುಂಬೈ ಬಳಿಯ ಡೊಂಬಿವಲಿಯಲ್ಲಿ ನಮ್ಮ ಕನ್ನಡದವರಿಗೆ ಸೋಪು ಮಾಡುವುದನ್ನು ಹೇಳಿಕೊಡುತ್ತೇನೆ. ವಿಳಾಸವೇನು ಗುಟ್ಟಲ್ಲ. ಮರೀನ್ ಲೈನ್ಸ್‌ನಲ್ಲಿ ಇಳಿದರೆ ಪ್ರಿನ್ಸೆಸ್ ಸ್ಟ್ರೀಟ್. ಮಸ್ಜಿದ್ ನಿಲ್ದಾಣದಲ್ಲಿ ಇಳಿದರೆ ವಡಗಾದಿಯ ಗಲ್ಲಿಗಳು. ಅತ್ತರಿಗೆ ಮೊಹಮ್ಮದ್ ಅಲಿ ರಸ್ತೆ. ವಿಳಾಸ ಸಿಕ್ಕಿತಲ್ಲ? ಅಲ್ಲಿಗೆ ಹೋಗಿ ನೀವು ಏನು ಕೇಳುತ್ತೀರಿ ಎಂಬುದು ನನ್ನ ತಲೆನೋವು.

"ಒರಿಜಿನಲ್ ಇದೆಯಾ?" ಎಂದು ಕೇಳುತ್ತೀರಿ. ಇಲ್ಲ ಎನ್ನುವ ವ್ಯಾಪಾರಿ ಇನ್ನೂ ಹುಟ್ಟಿಲ್ಲ.

ಕಳೆದ ವರ್ಷ ಉಡುಪಿ ಕಡೆಯ ಹಿರಿಯಕ್ಕ ಒಬ್ಬರು ಚೀಲದಿಂದ ಪುಟ್ಟ ಸೀಸೆಯೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ಹದಿನೈದು ಮಿಲಿಲೀಟರ್, ನೂರೈವತ್ತು ರೂಪಾಯಿ. ಮೇಲೆ 'ಶುದ್ಧ ಮಲ್ಲಿಗೆ ಎಸೆನ್ಶಿಯಲ್ ಆಯಿಲ್' ಎಂಬ ಬರಹ. ಮಗಳ ಸೀಮಂತಕ್ಕೆ ಬಂದವರಿಗೆಲ್ಲ ಮಲ್ಲಿಗೆ ಪರಿಮಳದ ಸೋಪು ಹಂಚಬೇಕೆಂಬ ಆಸೆ ಅವರದು. ನಾನು ಸೀಸೆ ಮೂಸಲಿಲ್ಲ. "ಅಕ್ಕ, ಶಂಕರಪುರ ಮಲ್ಲಿಗೆಯ ಒಂದು ಅಟ್ಟೆಗೆ ಹಬ್ಬದ ದಿನ ಎಷ್ಟು ಕೊಡುತ್ತೀರಿ?" ಎಂದು ಕೇಳಿದೆ. ಅವರಿಗೆ ಆ ಲೆಕ್ಕ ಬಾಯಿಪಾಠ. ನಾಲ್ಕು ಚೆಂಡಿಗೆ ಒಂದು ಅಟ್ಟೆ, ಒಂದು ಚೆಂಡಿಗೆ ಎಂಟು ನೂರರಷ್ಟು ಹೂವು. ಮಾಟುಂಗಾದಲ್ಲಿ ದರ ಏರಿದ ದಿನ ಚೆಂಡು ಕೊಂಡು ಮರಳಿದವರು ಅವರು. "ಹಾಗಾದರೆ ಆ ಹೂವಿನ ಸಾರವನ್ನೇ ಹಿಂಡಿ ತೆಗೆದವನು ಹೂವಿಗಿಂತ ಅಗ್ಗಕ್ಕೆ ಕೊಡುತ್ತಾನೆಯೇ?" ಎಂದೆ. ಅವರು ಸೀಸೆಯನ್ನು ತಿರುಗಿಸಿ ತಿರುಗಿಸಿ ನೋಡಿದರು.

ಈ ಒಂದು ವಿಷಯವನ್ನು ಬಿಡಿಸಿ ಹೇಳುತ್ತೇನೆ, ಬೇಸರಿಸಬೇಡಿ. ಮಲ್ಲಿಗೆಯನ್ನು ಹಬೆಯಲ್ಲಿ ಬಟ್ಟಿ ಇಳಿಸಿ ಎಣ್ಣೆ ತೆಗೆಯುವ ರೂಢಿಯಿಲ್ಲ. ಆ ಕಾವಿಗೆ ಹೂವಿನ ಪರಿಮಳ ಕೆಡುತ್ತದೆ. ದ್ರಾವಕದಲ್ಲಿ ನೆನೆಸಿ, ಮೊದಲು ಮೇಣದಂಥ ಮುದ್ದೆ ('ಕಾಂಕ್ರೀಟ್'), ಅದರಿಂದ ಮೇಣ ಕಳೆದ ಸಾರ ('ಆಬ್ಸಲ್ಯೂಟ್') ತೆಗೆಯುತ್ತಾರೆ. ಒಂದು ಕಿಲೋ ಆಬ್ಸಲ್ಯೂಟ್‌ಗೆ ನೂರಾರು ಕಿಲೋ ಹೂವು ಬೇಕು. ಬೆಲೆ ಲಕ್ಷದ ಮಾತು. ಗುಲಾಬಿಯದು ಇನ್ನೂ ಕಷ್ಟ, ಕಿಲೋ ಎಣ್ಣೆಗೆ ಟನ್ನುಗಟ್ಟಲೆ ಹೂವು ಬೇಕು. ಸ್ಟ್ರಾಬೆರಿಗಂತೂ ಸೋಪಿಗೆ ಹಾಕುವಂಥ ಎಸೆನ್ಶಿಯಲ್ ಆಯಿಲ್ ಎಂಬುದೇ ಇಲ್ಲ. ಆದರೂ ಆರು ಸೀಸೆಗಳ ಪೆಟ್ಟಿಗೆ ಮಾರುತ್ತಾರೆ: ಗುಲಾಬಿ, ಮಲ್ಲಿಗೆ, ಶ್ರೀಗಂಧ, ಸ್ಟ್ರಾಬೆರಿ, ನಿಂಬೆ, ಮಜ್ಜಿಗೆಹುಲ್ಲು, ಎಲ್ಲಕ್ಕೂ ಒಂದೇ ದರ. ಮಜ್ಜಿಗೆಹುಲ್ಲಿಗೂ ಶ್ರೀಗಂಧಕ್ಕೂ ಒಂದೇ ದರ ಹೇಳುವ ಅಂಗಡಿಯಿಂದ ಚಪ್ಪಲಿ ಮೆಟ್ಟಿ ಹೊರಡಿ.

ಹಾಗಾದರೆ ಆ ಸೀಸೆಯಲ್ಲಿ ಇದ್ದದ್ದೇನು? ನಮ್ಮ ಪೇಟೆಯ ಭಾಷೆಯಲ್ಲಿ ಅದು 'ಕಂಪೌಂಡ್' (ಗೋಡೆಯಲ್ಲ). ಹತ್ತಾರು ಪರಿಮಳ ರಾಸಾಯನಿಕಗಳನ್ನು ತೂಗಿ ಬೆರೆಸಿದ್ದು. ಅದನ್ನು ಬೆರೆಸಿಯೇ ನಾನು ಮನೆ ಕಟ್ಟಿದವನು, ಹಳಿಯುವ ಬಾಯಿ ನನಗಿಲ್ಲ. ಸೋಪಿಗೆಂದೇ ತಯಾರಿಸಿದ ಒಳ್ಳೆಯ ಕಂಪೌಂಡ್, ಎಣ್ಣೆಯನ್ನು ಸೋಪಾಗಿಸುವ ಕಾಸ್ಟಿಕ್ ಸೋಡಾದ ಏಟು ತಡೆದು ತಿಂಗಳುಗಟ್ಟಲೆ ಘಮಘಮಿಸುತ್ತದೆ. ಮೇಣದಬತ್ತಿಗೆ, ಅಲಂಕಾರದ ಒಣಹೂವಿಗೆ ನಾನೇ ಅದನ್ನು ಶಿಫಾರಸು ಮಾಡುತ್ತೇನೆ. ಕಂಪೌಂಡನ್ನು ಕಂಪೌಂಡ್ ಎಂದೇ ಕೇಳಿ, ಅದರ ದರಕ್ಕೆ ಕೊಳ್ಳಿ. ಎಸೆನ್ಶಿಯಲ್ ಆಯಿಲ್ ಎಂದು ನಂಬಿ ಕೊಂಡು, ನಂಬಿಸಿ ಹಂಚಬೇಡಿ.

ನಿಜವಾದ ಎಣ್ಣೆಯೇ ಬೇಕೆಂದರೆ ಕೇಳಬೇಕಾದದ್ದು ಇಷ್ಟು: ಯಾವ ಗಿಡ, ಅದರ ಸಸ್ಯಶಾಸ್ತ್ರೀಯ ಹೆಸರೇನು, ಯಾವ ಭಾಗದಿಂದ ತೆಗೆದದ್ದು, ಬ್ಯಾಚಿನ ಜಿಸಿ ವರದಿ (ಎಣ್ಣೆಯಲ್ಲಿ ಏನೇನು ಎಷ್ಟೆಷ್ಟಿದೆ ಎಂದು ತೋರಿಸುವ ಗ್ಯಾಸ್ ಕ್ರೊಮಟೋಗ್ರಫಿ ಪರೀಕ್ಷೆಯದು) ಇದೆಯೇ? ಬರೀ 'ಲ್ಯಾವೆಂಡರ್' ಎಂದರೆ ಸಾಲದು. ಲ್ಯಾವೆಂಡುಲಾ ಅಂಗುಸ್ಟಿಫೋಲಿಯಾ ಬೇರೆ, ಅಗ್ಗದ ಮಿಶ್ರತಳಿ ಲ್ಯಾವಂಡಿನ್ ಬೇರೆ. ಸೋಪಿಗೆ ಲ್ಯಾವಂಡಿನ್ ಧಾರಾಳವಾಗಿ ಸಾಕು, ಆದರೆ ಅದರ ಬೆಲೆಗೆ. ವರದಿಯ ಮೇಲೂ ಕಣ್ಣು ಮುಚ್ಚಿ ಭರವಸೆ ಇಡಬೇಡಿ. ಒಂದೇ ವರದಿಯ ನೆರಳಚ್ಚು ಹತ್ತು ಬ್ಯಾಚುಗಳಿಗೆ ಓಡಾಡುವುದನ್ನು ನೋಡಿದ್ದೇನೆ. ದೊಡ್ಡ ಮೊತ್ತದ ಖರೀದಿಯಾದರೆ ಕನೌಜಿನಲ್ಲಿರುವ ಕೇಂದ್ರ ಸರ್ಕಾರದ ಸುಗಂಧ ಮತ್ತು ಸ್ವಾದ ಅಭಿವೃದ್ಧಿ ಕೇಂದ್ರದಲ್ಲಿ ಶುಲ್ಕ ಕಟ್ಟಿ ಪರೀಕ್ಷೆ ಮಾಡಿಸಬಹುದು.

ಮನೆಯಲ್ಲೇ ಒಂದು ಪರೀಕ್ಷೆ ಇದೆ, ಅರೆಬರೆ ಪರೀಕ್ಷೆ. ಬಿಳಿ ಕಾಗದದ ಮೇಲೆ ಒಂದು ತೊಟ್ಟು ಬಿಟ್ಟು ಮರುದಿನ ನೋಡಿ. ನೀಲಗಿರಿ ಅಥವಾ ಪುದೀನ ಎಣ್ಣೆ ಜಿಡ್ಡಿನ ಕಲೆ ಬಿಟ್ಟಿದ್ದರೆ ಅಡುಗೆ ಎಣ್ಣೆಯಂಥದ್ದೇನೋ ಬೆರೆತಿದೆ ಎನ್ನಬಹುದು. ಲಾವಂಚ, ಪಚೌಲಿ, ಶ್ರೀಗಂಧ ಭಾರದ ಎಣ್ಣೆಗಳು, ಶುದ್ಧವಾಗಿದ್ದರೂ ಕಲೆ ಉಳಿಯುತ್ತದೆ. ಅದನ್ನು ಹಿಡಿದು ವ್ಯಾಪಾರಿಯೊಂದಿಗೆ ಜಗಳಕ್ಕೆ ನಿಲ್ಲಬೇಡಿ. ಇನ್ನೊಂದನ್ನು ತರಗತಿಯಲ್ಲಿ ಮಕ್ಕಳಂತೆ ಖುಷಿಯಿಂದ ತೋರಿಸುತ್ತೇನೆ: ಥರ್ಮೋಕೋಲ್ ಲೋಟಕ್ಕೆ ನಾಲ್ಕು ತೊಟ್ಟು ಕಿತ್ತಳೆ ಎಣ್ಣೆ. ಲೋಟದ ತಳ ಸದ್ದಿಲ್ಲದೆ ಕುಸಿದು ತೂತಾಗುತ್ತದೆ. ಆ ಎಣ್ಣೆಯಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಲಿಮೊನೀನ್. ಅದು ಥರ್ಮೋಕೋಲನ್ನು ಕರಗಿಸುತ್ತದೆ. ಇದು ಶುದ್ಧತೆಗೆ ಪುರಾವೆಯಲ್ಲ, ಬೇರೆ ದ್ರಾವಕಗಳೂ ಹಾಗೆಯೇ ಮಾಡುತ್ತವೆ. ಕಂಡಕಂಡ ಪ್ಲಾಸ್ಟಿಕ್ ಬಾಟಲಿಯಲ್ಲಿ ತುಂಬಿಸಿಕೊಂಡು ಬರಬೇಡಿ, ಗಾಜು ಅಥವಾ ಅಲ್ಯೂಮಿನಿಯಂ ಒಯ್ಯಿರಿ ಎನ್ನುವುದಕ್ಕೆ ಮಾತ್ರ ಈ ಆಟ.

ಪ್ರಮಾಣದ ಬಗ್ಗೆ ಒಂದೇ ಮಾತು. ತೊಟ್ಟು ಎಣಿಸಬೇಡಿ, ಗ್ರಾಂ ತೂಗಿ. ಒಂದು ಕಿಲೋ ಅಡಿಎಣ್ಣೆಗೆ (ಸೋಪಿಗೆ ಮೂಲವಾದ ತೆಂಗಿನೆಣ್ಣೆಯಂಥದು) ಸಾಮಾನ್ಯವಾಗಿ ಇಪ್ಪತ್ತರಿಂದ ಮೂವತ್ತು ಗ್ರಾಂ. ಲವಂಗ, ದಾಲ್ಚಿನ್ನಿ ಅದಕ್ಕಿಂತ ಬಹಳ ಕಡಿಮೆ. ಅವು ಚರ್ಮ ಉರಿಸುತ್ತವೆ, ಸೋಪನ್ನೂ ಅವಸರದಲ್ಲಿ ಗಟ್ಟಿಯಾಗಿಸುತ್ತವೆ. ಠಾಣೆಯ ಹುಡುಗನೊಬ್ಬ ಕೈ ಧಾರಾಳ ಮಾಡಿ ಲವಂಗದ ಎಣ್ಣೆ ಸುರಿದು, ಅಚ್ಚಿಗೆ ಹೊಯ್ಯುವ ಮೊದಲೇ ಪಾತ್ರೆಯಲ್ಲೇ ಕಲ್ಲು ಮಾಡಿಕೊಂಡ. ಸೌಟು ಈಗಲೂ ಅದರಲ್ಲೇ ನಿಂತಿದೆಯಂತೆ. ಎಳೆಮಕ್ಕಳಿಗೆ, ಬಸುರಿಯರಿಗೆ, ಅಲರ್ಜಿ ಇರುವವರಿಗೆ ಕೊಡುವ ಸೋಪಾದರೆ ವೈದ್ಯರನ್ನು ಕೇಳದೆ ಏನೂ ಬೆರೆಸಬೇಡಿ. ಮಾರಾಟಕ್ಕಿಳಿದರೆ ಸೌಂದರ್ಯವರ್ಧಕ ತಯಾರಿಕೆಯ ಪರವಾನಗಿ ಬೇಕಾಗುತ್ತದೆ.

ಹಿರಿಯಕ್ಕನಿಗೆ ನಾನು ಹೇಳಿದ್ದು ರೋಷಾ ಹುಲ್ಲಿನ ಎಣ್ಣೆ, ಅಂದರೆ ಪಾಮರೋಸಾ. ಜೆರಾನಿಯಾಲ್ ತುಂಬಿರುವುದರಿಂದ ಗುಲಾಬಿಯ ದೂರದ ನಂಟಿನಂಥ ವಾಸನೆ. ಸೋಪಿನಲ್ಲಿ ಚೆನ್ನಾಗಿ ನಿಲ್ಲುತ್ತದೆ. ಒಂದು ಕಾಲದಲ್ಲಿ ಉತ್ತರ ಮಹಾರಾಷ್ಟ್ರದ ಖಾನದೇಶದ ಕಡೆಯ ಈ ಎಣ್ಣೆ ಇದೇ ಮುಂಬೈ ಬಂದರಿನಿಂದ ಹಡಗು ಹತ್ತಿ ತುರ್ಕಿಗೆ ಹೋಗಿ, ಅಲ್ಲಿ ಗುಲಾಬಿ ಅತ್ತರಿಗೆ ಕಲಬೆರಕೆಯಾಗುತ್ತಿತ್ತು. ಕೇಳಿ ಅವರು ಬಿದ್ದು ಬಿದ್ದು ನಕ್ಕರು. "ಮೋಸಕ್ಕೂ ಒಂದು ಚರಿತ್ರೆ ಉಂಟಲ್ಲ ಮಾರಾಯರೇ!" ಎಂದರು.

ಸೀಮಂತಕ್ಕೆ ಬಂದವರಿಗೆ ರೋಷಾ ಸೋಪು, ಮುಡಿಯಲು ಒಂದೊಂದು ತುಂಡು ನಿಜವಾದ ಮಲ್ಲಿಗೆ. ಸೋಪನ್ನು ನಾಲ್ಕು ವಾರ ಒಣಗಲು ಬಿಡಿ ಎಂದು ಬರೆದುಕೊಟ್ಟಿದ್ದೆ. ನನ್ನ ಪಾಲಿನದನ್ನು ಹದಿನೈದೇ ದಿನಕ್ಕೆ ತಂದು ಕೈಗಿತ್ತರು, ಇನ್ನೂ ಬೆರಳಿಗೆ ಮೆತ್ತಗೆ ತಗಲುತ್ತಿತ್ತು. ದಿನಾಂಕ ಬರೆದು ಕಿಟಕಿಯ ಬಳಿ ಇಟ್ಟೆ.