ಮೊಟ್ಟೆಯಿಲ್ಲದ ಆನ್‌ಜಾಕ್ ಸ್ಲೈಸ್ ಹಿಡಿದು ನಿಲ್ಲುವುದು ಹೇಗೆ?

ಏಪ್ರಿಲ್ 25 ಹತ್ತಿರ ಬಂತೆಂದರೆ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ನ ಎಷ್ಟೋ ಮನೆಗಳಲ್ಲಿ ಓಟ್ಸ್, ಬೆಣ್ಣೆ, ತೆಂಗಿನಕಾಯಿ ಒಟ್ಟಿಗೆ ಬೇಯುವ ಘಮ ಏಳುತ್ತದೆ. 1915ರ ಆ ದಿನ ಈ ಎರಡು ದೇಶಗಳ ಸೈನಿಕರು ಟರ್ಕಿಯ ಗಲಿಪೊಲಿ ತೀರದಲ್ಲಿ ಇಳಿದಿದ್ದರು. ಅವರ ಸೇನಾದಳದ ಹೆಸರೇ ಆನ್‌ಜಾಕ್. ಅದೇ ಹೆಸರಿನ ಬಿಸ್ಕತ್ತನ್ನು ಸಣ್ಣ ಉಂಡೆ ಮಾಡಿ ಬೇಯಿಸುವುದು ರೂಢಿ. ಇಡೀ ಹಿಟ್ಟನ್ನು ಟ್ರೇಗೆ ಒತ್ತಿ ಬೇಯಿಸಿ, ಚೌಕಾಕಾರವಾಗಿ ಕತ್ತರಿಸಿದರೆ ಅದು ಸ್ಲೈಸ್. ಮೊದಲ ಸಲ ಮಾಡುವವರಿಗೆ ಸ್ಲೈಸೇ ಸುಲಭ. ರುಚಿಯಲ್ಲೂ ಅದಕ್ಕೇ ನನ್ನ ಮತ.

ಕಂದಕಗಳಲ್ಲಿ ಕೂತ ಸೈನಿಕರು ಇದನ್ನೇ ತಿನ್ನುತ್ತಿದ್ದರು ಅನ್ನುವ ಮಾತಿದೆ. ಅವರಿಗೆ ದಿನವೂ ಸಿಗುತ್ತಿದ್ದದ್ದು ಬೇರೆ, ಹಿಟ್ಟು-ನೀರಿನ ಕಲ್ಲಿನಂಥ ಬಿಸ್ಕತ್ತು. ಅದರ ಮೇಲೆ ಕಾಗದ ಬರೆದು ಮನೆಗೆ ಕಳಿಸಿದವರೂ ಇದ್ದರು. ಅಂಥ ಬಿಸ್ಕತ್ತುಗಳು ಕ್ಯಾನ್‌ಬೆರಾದ ಯುದ್ಧ ಸ್ಮಾರಕದಲ್ಲಿ ಇವತ್ತಿಗೂ ಇವೆ. ಓಟ್ಸ್ ಬಿಸ್ಕತ್ತು ಊರಲ್ಲಿ ಉಳಿದ ಹೆಂಗಸರ ಅಡುಗೆಮನೆಯದ್ದು. ಮೊದಮೊದಲ ಪಾಕವಿಧಾನಗಳಲ್ಲಿ ತೆಂಗಿನಕಾಯಿ ಇರಲಿಲ್ಲ, ಅದು ಸೇರಿದ್ದು ಯುದ್ಧ ಮುಗಿದ ಮೇಲೆ.

ಒಂದು ಟ್ರೇಗೆ ಬೇಕಾಗುವುದಿಷ್ಟು. ರೋಲ್ಡ್ ಓಟ್ಸ್, ಮೈದಾ, ಡೆಸಿಕೇಟೆಡ್ ಕೋಕನಟ್ ತಲಾ ಒಂದು ಕಪ್, ಕಂದು ಸಕ್ಕರೆ ಮುಕ್ಕಾಲು ಕಪ್, ಬೆಣ್ಣೆ 125 ಗ್ರಾಂ, ಗೋಲ್ಡನ್ ಸಿರಪ್ ಎರಡು ದೊಡ್ಡ ಚಮಚ, ಅಡುಗೆ ಸೋಡಾ ಒಂದು ಟೀ ಚಮಚ, ಕುದಿಯುವ ನೀರು ಎರಡು ದೊಡ್ಡ ಚಮಚ. ಆಸ್ಟ್ರೇಲಿಯಾದ ದೊಡ್ಡ ಚಮಚ 20 ಮಿಲಿ, ಬೇರೆ ಕಡೆ ಸಾಮಾನ್ಯವಾಗಿ 15 ಮಿಲಿ. ಅಲ್ಲಿನ ಅಳತೆ ನೋಡಿ ಮಾಡುವವರು ಇದನ್ನು ನೆನಪಿಡಬೇಕು.

ಈ ಪಟ್ಟಿಯಲ್ಲಿ ಮೊಟ್ಟೆ ಇಲ್ಲ. ಬೇರೆ ಬಿಸ್ಕತ್ತು, ಕೇಕುಗಳಲ್ಲಿ ಹಿಟ್ಟನ್ನು ಹಿಡಿದಿಡುವುದು, ತೇವ ಕೊಡುವುದು, ಬಣ್ಣ ಬರಿಸುವುದು, ಇದರಲ್ಲೆಲ್ಲ ಮೊಟ್ಟೆಯ ಪಾಲು ದೊಡ್ಡದು. ಇಲ್ಲಿ ಆ ಹೊಣೆ ಬೀಳುವುದು ಎರಡು ಚಮಚ ಗೋಲ್ಡನ್ ಸಿರಪ್ ಮೇಲೆ. ಈ ಸ್ಲೈಸ್‌ನ ಜೀವ ಇರುವುದೇ ಅದರಲ್ಲಿ ಅಂತ ನಾನು ಹೇಳುತ್ತೇನೆ.

ಗೋಲ್ಡನ್ ಸಿರಪ್ ಬಂದದ್ದು 1880ರ ದಶಕದಲ್ಲಿ, ಲಂಡನ್ನಿನ ಏಬ್ರಮ್ ಲೈಲ್ ಸಕ್ಕರೆ ಕಾರ್ಖಾನೆಯಿಂದ. ಸಕ್ಕರೆ ಶುದ್ಧ ಮಾಡುವಾಗ ಉಳಿಯುವ ಪಾಕವನ್ನು ಸಂಸ್ಕರಿಸಿ ಮಾಡಿದ ಹೊಂಬಣ್ಣದ ದ್ರವ ಅದು. ನಾವು ಬಳಸುವ ಸಕ್ಕರೆಯ ಒಂದೊಂದು ಅಣುವಿನಲ್ಲೂ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಎಂಬ ಎರಡು ಸಣ್ಣ ಸಕ್ಕರೆಗಳು ಅಂಟಿಕೊಂಡಿರುತ್ತವೆ. ಆಮ್ಲ ಮತ್ತು ಬಿಸಿ ಸೇರಿದರೆ ಈ ಜೋಡಿ ಬೇರೆಯಾಗುತ್ತದೆ. ಗೋಲ್ಡನ್ ಸಿರಪ್‌ನಲ್ಲಿ ಸ್ವಲ್ಪ ಪಾಲು ಹೀಗೆ ಒಡೆದಿರುತ್ತದೆ, ಉಳಿದದ್ದು ಹಾಗೇ ಇರುತ್ತದೆ. ಬೇರೆ ಬೇರೆ ಆಕಾರದ ಅಣುಗಳು ಬೆರೆತಿರುವುದರಿಂದ ಹರಳು ಸುಲಭಕ್ಕೆ ಕಟ್ಟುವುದಿಲ್ಲ, ಪಾಕ ಪಾಕವಾಗಿಯೇ ಉಳಿಯುತ್ತದೆ. ಜೊತೆಗೆ ಫ್ರಕ್ಟೋಸ್‌ಗೆ ನೀರೆಂದರೆ ಬಲು ಪ್ರೀತಿ. ತೇವವನ್ನು ಹಿಡಿದುಕೊಂಡರೆ ಬೇಗ ಬಿಡುವುದಿಲ್ಲ. ಸ್ಲೈಸ್‌ನ ನಡುಭಾಗ ಅಗಿಯುವಷ್ಟು ಮೆತ್ತಗಿರುವುದು ಇದರಿಂದ. ಸಿರಪ್ ಬಿಟ್ಟು ಬರೀ ಸಕ್ಕರೆ ಹಾಕಿದರೆ ಪುಡಿಪುಡಿಯಾಗುತ್ತದೆ.

ನಮ್ಮ ಮಲೆನಾಡು, ಉತ್ತರ ಕನ್ನಡದ ಕಡೆ ದೋಸೆಗೆ ಹಾಕಿಕೊಳ್ಳುವ ಜೋನಿ ಬೆಲ್ಲದಲ್ಲೂ ಇದೇ ವಿದ್ಯೆ ಕೆಲಸ ಮಾಡುತ್ತದೆ. ಕಬ್ಬಿನ ಹಾಲು ತುಸು ಹುಳಿ. ಕುದಿಯುವಾಗ ಅದರ ಸಕ್ಕರೆ ಸ್ವಲ್ಪ ಒಡೆಯುತ್ತದೆ, ಅಚ್ಚಿಗೆ ಬರುವ ಮೊದಲೇ ಇಳಿಸಿದರೆ ಜೋನಿಯಾಗಿ ನಿಲ್ಲುತ್ತದೆ. ಗೋಲ್ಡನ್ ಸಿರಪ್ ಸಿಗದಿದ್ದರೆ ಧೈರ್ಯವಾಗಿ ಜೋನಿ ಬೆಲ್ಲ ಹಾಕಿ. ಬಣ್ಣ, ರುಚಿ ಎರಡೂ ಗಾಢವಾಗುತ್ತವೆ. ಬೆಲ್ಲ ತೆಳ್ಳಗಿದ್ದರೆ ಮಾತ್ರ ಕುದಿಯುವ ನೀರನ್ನು ಸ್ವಲ್ಪ ಕಡಿಮೆ ಮಾಡಿ.

ಇನ್ನು ಸೋಡಾ. ಇದನ್ನು ಕಣ್ಣಾರೆ ನೋಡಬೇಕು. ಸಣ್ಣ ಉರಿಯಲ್ಲಿ ಬೆಣ್ಣೆ, ಸಿರಪ್ ಕರಗಿಸಿ. ಪಾತ್ರೆಯ ತಳ ಕಾಣುವಷ್ಟು ತಿಳಿಯಾದ, ಜೇನಿನ ಬಣ್ಣದ ದ್ರವ ಸಿಗುತ್ತದೆ. ಇನ್ನೊಂದು ಬಟ್ಟಲಲ್ಲಿ ಸೋಡಾಕ್ಕೆ ಕುದಿಯುವ ನೀರು ಹಾಕಿ ಕಲಕಿ, ಅದನ್ನು ಇದಕ್ಕೆ ಸುರಿಯಿರಿ. ಸರ್ರನೆ ಸದ್ದಾಗುತ್ತದೆ, ಸಾಸಿವೆಗಿಂತ ಸಣ್ಣ ಗುಳ್ಳೆಗಳು ಅಂಚಿನಿಂದ ನುಗ್ಗಿ ಬರುತ್ತವೆ. ನೋಡನೋಡುತ್ತಿದ್ದಂತೆ ತಿಳಿ ದ್ರವ ಮಂಕಾಗಿ, ಕೆನೆ ಬಣ್ಣದ ನೊರೆಯಾಗಿ ಉಕ್ಕುತ್ತದೆ. ದೊಡ್ಡ ಪಾತ್ರೆ ಇಡಿ, ಇಲ್ಲದಿದ್ದರೆ ಒಲೆಯೆಲ್ಲ ಅಂಟು.

ಬಿಸಿ ತಾಗಿದ ಸೋಡಾ ಒಡೆದು ಇಂಗಾಲದ ಡೈ ಆಕ್ಸೈಡ್ ಬಿಡುತ್ತದೆ, ಸಿರಪ್‌ನ ಸಣ್ಣ ಹುಳಿ ಅದಕ್ಕೆ ಇನ್ನಷ್ಟು ನೆರವಾಗುತ್ತದೆ. ಆದರೆ ಈ ಗಾಳಿಯಲ್ಲಿ ಸುಮಾರಷ್ಟು ಪಾತ್ರೆಯಲ್ಲೇ ಹಾರಿಹೋಗುತ್ತದೆ ಅಲ್ವಾ? ಹಾಗಾದರೆ ಸೋಡಾ ಯಾಕೆ? ಗಾಳಿ ಹೋದರೂ ಕ್ಷಾರ ಉಳಿಯುತ್ತದೆ. ಓವನ್ನಿನಲ್ಲಿ ನಮಗೆ ಬೇಕಾದದ್ದು ಹೆಚ್ಚಾಗಿ ಆ ಕ್ಷಾರವೇ. ಹಿಟ್ಟು, ಓಟ್ಸ್, ಬೆಣ್ಣೆಯಲ್ಲಿನ ಹಾಲಿನ ಅಂಶ, ಇವುಗಳ ಪ್ರೋಟೀನ್ ಕೆಲವು ಬಗೆಯ ಸಕ್ಕರೆಯ ಜೊತೆ ಬಿಸಿಯಲ್ಲಿ ಕೂಡಿದರೆ ಕಂದು ಬಣ್ಣ, ಹುರಿದ ಪರಿಮಳ ಹುಟ್ಟುತ್ತವೆ. ಫ್ರೆಂಚ್ ವಿಜ್ಞಾನಿ ಲೂಯಿ ಕಮೀಲ್ ಮಯ್ಯಾರ್ 1912ರಲ್ಲಿ ಇದನ್ನು ವಿವರಿಸಿದ್ದರಿಂದ ಈ ಕ್ರಿಯೆಗೆ ಅವರದೇ ಹೆಸರು. ಮಾಮೂಲಿ ಸಕ್ಕರೆ ಒಡೆಯದೆ ಇದರಲ್ಲಿ ಭಾಗವಹಿಸಲಾರದು. ಗ್ಲೂಕೋಸ್, ಫ್ರಕ್ಟೋಸ್ ನೇರವಾಗಿ ಇಳಿಯುತ್ತವೆ, ಅವು ಸಿರಪ್‌ನಲ್ಲಿ ಸಿದ್ಧವಾಗಿವೆ. ಕ್ಷಾರ ಇದ್ದರೆ ಕ್ರಿಯೆಯ ವೇಗ ಇನ್ನೂ ಜಾಸ್ತಿ. ಸಿರಪ್ ಮತ್ತು ಸೋಡಾ ಒಂದಕ್ಕೊಂದು ಕೈಜೋಡಿಸುವುದು ಇಲ್ಲಿ. ಹಾಗಂತ ಇನ್ನರ್ಧ ಚಮಚ ಸೋಡಾ ಜಾಸ್ತಿ ಹಾಕಬೇಡಿ. ನಾಲಿಗೆಗೆ ಸೋಪಿನ ರುಚಿ ಹತ್ತುತ್ತದೆ.

ಒಣ ಸಾಮಾನಿಗೆ ಈ ನೊರೆ ಸೇರಿಸಿ ಕಲಸಿ. ಓಟ್ಸ್ ರೋಲ್ಡ್ ಆಗಿರಲಿ. ಇನ್‌ಸ್ಟಂಟ್ ಓಟ್ಸ್ ತೀರ ಸಣ್ಣ ಚೂರಾದ್ದರಿಂದ ನೀರನ್ನೆಲ್ಲ ಬೇಗ ಹೀರಿ ಮುದ್ದೆಯಾಗುತ್ತದೆ. ಓಟ್ಸ್‌ನಲ್ಲಿ ಬೀಟಾ ಗ್ಲೂಕಾನ್ ಎಂಬ ನಾರಿದೆ, ಗಂಜಿಗೆ ಲೋಳೆ ಕೊಡುವುದು ಅದೇ. ಇಲ್ಲೂ ಅದು ನೀರು ಕುಡಿದು ಚೂರುಗಳನ್ನು ಒಂದಕ್ಕೊಂದು ಅಂಟಿಸಲು ನೆರವಾಗುತ್ತದೆ.

ಹಿಟ್ಟನ್ನು 20×30 ಸೆಂಟಿಮೀಟರ್ ಟ್ರೇಗೆ ಒತ್ತಿ, 160 ಡಿಗ್ರಿಯಲ್ಲಿ ಸುಮಾರು 25 ನಿಮಿಷ ಇಡಿ. ಆನ್‌ಜಾಕ್ ಬಿಸ್ಕತ್ತು ಗರಿಗರಿಯಾಗಿರಬೇಕೋ ಮೆತ್ತಗಿರಬೇಕೋ ಅನ್ನುವುದು ಅಲ್ಲಿನವರ ಮುಗಿಯದ ಜಗಳ. ಸ್ಲೈಸ್‌ನಲ್ಲಿ ಎರಡೂ ಸಿಗುತ್ತವೆ. ಅಂಚಿಗೆ ಬಿಸಿ ಲೋಹ ತಾಗಿ ನೀರು ಬೇಗ ಹೋಗುತ್ತದೆ, ಗರಿಗರಿ. ನಡುವಿನ ನೀರಿಗೆ ದಾರಿ ದೂರ, ಮೆತ್ತಗೆ. ನನಗೆ ಅಂಚಿನ ತುಂಡೇ ಬೇಕು.

ಹೊರಗೆ ತೆಗೆದಾಗ ನಡುಭಾಗ ಬೆಂದಿಲ್ಲ ಅನಿಸುತ್ತದೆ. ಮತ್ತೆ ಒಳಗಿಡಬೇಡಿ. ಬಿಸಿಯಲ್ಲಿ ಸಕ್ಕರೆ ಇನ್ನೂ ಪಾಕದ ಸ್ಥಿತಿಯಲ್ಲಿದೆ, ಆರುತ್ತಾ ಹೋದಂತೆ ಬಿಗಿಯುತ್ತದೆ. ಹಾಗಾಗಿ ಕೊಬ್ಬರಿ ಮಿಠಾಯಿಯಂತೆ ಇದಕ್ಕೂ ಬಿಸಿಯಿರುವಾಗಲೇ ಗೆರೆ ಹಾಕಬೇಕು. ಹತ್ತು ನಿಮಿಷ ಬಿಟ್ಟು ಚಾಕು ಆಡಿಸಿ, ಪೂರ್ತಿ ಆರಿದ ಮೇಲೆ ತುಂಡು ಬಿಡಿಸಿ. ಆರಿದ ಮೇಲೆ ಕತ್ತರಿಸಹೊರಟರೆ ಸೀಳಿಹೋಗುತ್ತದೆ.

ಇದು ಗಾಳಿಯಾಡದ ಡಬ್ಬದಲ್ಲಿ ಚೆನ್ನಾಗಿ ಉಳಿಯುತ್ತದೆ. ಮೊಟ್ಟೆಯ ತೂಕದಲ್ಲಿ ಮುಕ್ಕಾಲು ಪಾಲು ನೀರು, ಆ ನೀರು ಇಲ್ಲಿಗೆ ಬರುವುದೇ ಇಲ್ಲ. ಇರುವ ಅಲ್ಪಸ್ವಲ್ಪ ತೇವವನ್ನು ಸಕ್ಕರೆ ಬಿಗಿಯಾಗಿ ಹಿಡಿದುಕೊಂಡಿರುವುದರಿಂದ ಬೂಷ್ಟಿಗೆ ದಕ್ಕುವುದು ಕಡಿಮೆ. ಕೆಡುವುದಾದರೆ ಹೆಚ್ಚಾಗಿ ತೆಂಗಿನಕಾಯಿಯ ಕಡೆಯಿಂದ. ಡೆಸಿಕೇಟೆಡ್ ಕೋಕನಟ್ ಅಂದರೆ ಹಸಿ ಕಾಯಿಯನ್ನು ತುರಿದು ಬೇಗನೆ ಒಣಗಿಸಿದ್ದು, ಅದರ ತೂಕದ ಅರ್ಧಕ್ಕೂ ಹೆಚ್ಚು ಎಣ್ಣೆ. ತೇವ ತಗುಲಿದರೆ ಆ ಎಣ್ಣೆ ಒಡೆದು ಲಾರಿಕ್ ಆಮ್ಲ ಹೊರಬರುತ್ತದೆ, ಆಗಲೂ ಬಾಯಿಗೆ ಸೋಪಿನದೇ ರುಚಿ. ಸ್ಲೈಸ್ ಸೋಪಿನಂತಿದ್ದರೆ ಸೋಡಾವನ್ನು ಬೈಯುವ ಮೊದಲು ಪೊಟ್ಟಣದ ತುರಿಯನ್ನು ಒಂದು ಚಿಟಿಕೆ ಬಾಯಿಗೆ ಹಾಕಿ ನೋಡಿ.