ಓದುಗರ ಪ್ರಶ್ನೆ: ರಾತ್ರಿ ಯಾರೋ ಹಿಂದೆ ಬರುತ್ತಿದ್ದಾರೆ ಅನ್ನಿಸಿದರೆ ಏನು ಮಾಡಬೇಕು?

ಪ್ರಶ್ನೆ: ಕೆಲಸ ಮುಗಿಸಿ ಬಸ್ಸಿಳಿಯುವಾಗ ರಾತ್ರಿ ಹತ್ತೂವರೆ ದಾಟಿರುತ್ತದೆ. ಅಲ್ಲಿಂದ ಮನೆಗೆ ಹದಿನೈದು ನಿಮಿಷದ ದಾರಿ. ಹಿಂದೆ ಹೆಜ್ಜೆ ಸದ್ದು ಕೇಳಿದಾಗಲೆಲ್ಲ ಎದೆ ಹೊಡೆದುಕೊಳ್ಳುತ್ತದೆ. ನಿಜಕ್ಕೂ ಹಿಂಬಾಲಿಸುತ್ತಿದ್ದಾರೋ ಅಥವಾ ಬರೀ ನನ್ನ ಭಯವೋ ತಿಳಿಯುವುದು ಹೇಗೆ? ಹೌದಾದರೆ ಏನು ಮಾಡಲಿ?

ಉತ್ತರ: ಎಲ್ಲಕ್ಕಿಂತ ಮೊದಲು ಒಂದು ಮಾತು. ಅಂಥ ಹೊತ್ತಿನಲ್ಲಿ ಮನೆಗೆ ಹೋಗಬೇಡಿ. ಗಾಬರಿಯಾದ ಕೂಡಲೇ ಕಾಲು ತಾನಾಗಿಯೇ ಮನೆಯ ಕಡೆಗೆ ಓಡುತ್ತದೆ, ಎಡವಟ್ಟಾಗುವುದೂ ಅಲ್ಲೇ. ಬೀಗ ತೆಗೆಯುವ ಆ ಹತ್ತು ಸೆಕೆಂಡು ನಿಮ್ಮ ಬೆನ್ನು ರಸ್ತೆಯ ಕಡೆಗಿರುತ್ತದೆ, ಕಣ್ಣು ಬೀಗದ ಮೇಲಿರುತ್ತದೆ, ಬಾಗಿಲು ತೆರೆದರೆ ಹಿಂದಿರುವವನಿಗೂ ತೆರೆದಂತೆ. ಅವತ್ತು ಏನೂ ಆಗದಿದ್ದರೂ ನಿಮ್ಮ ಮನೆ ಯಾವುದು ಅನ್ನುವುದು ಅವನಿಗೆ ಗೊತ್ತಾಗಿಬಿಡುತ್ತದೆ. ಹೋಗಬೇಕಾದ್ದು ಜನ ಇರುವ ಕಡೆಗೆ, ಅದು ಮನೆಗೆ ವಿರುದ್ಧ ದಿಕ್ಕಿನಲ್ಲಿದ್ದರೂ ಸರಿ.

ಅನುಮಾನವೋ, ನಿಜವೋ?

ಒಂದೇ ಬಸ್ಸಿನಿಂದ ಇಳಿದವರು ಒಂದೇ ದಾರಿಯಲ್ಲಿ ನಡೆಯುವುದು ಸಹಜ. ಆದ್ದರಿಂದ ಹಿಂದೆ ಒಬ್ಬರು ಇದ್ದಾರೆ ಅನ್ನುವುದಷ್ಟೇ ಸಾಕ್ಷಿಯಲ್ಲ. ನೀವು ಮಾಡಿದ ಬದಲಾವಣೆಗೆಲ್ಲ ಅವರೂ ಬದಲಾಗುತ್ತಿದ್ದಾರೆಯೇ ಎಂದು ನೋಡಬೇಕು.

ರಸ್ತೆ ದಾಟಿ. ದಾಟುವವರು ಎರಡೂ ಬದಿ ತಿರುಗಿ ನೋಡುವುದು ಸಹಜವಾದ್ದರಿಂದ ಹಿಂದಿರುವವರನ್ನು ಪೂರ್ತಿಯಾಗಿ ನೋಡಲು ನಿಮಗೊಂದು ನೆಪ ಸಿಗುತ್ತದೆ. ಅವರೂ ದಾಟಿದರೆ ನೂರು ಹೆಜ್ಜೆ ಕಳೆದು ಮತ್ತೆ ಮೊದಲಿನ ಬದಿಗೆ ಬನ್ನಿ. ಒಂದು ಸಲ ದಾಟುವುದು ಕಾಕತಾಳೀಯ ಇರಬಹುದು, ಹೋಗಿ ವಾಪಸ್ ಬರುವ ಕೆಲಸ ಯಾರಿಗೂ ಇರುವುದಿಲ್ಲ. ನಡಿಗೆಯ ವೇಗವನ್ನೂ ಬದಲಿಸಿ ನೋಡಿ. ನೀವು ನಿಧಾನ ಮಾಡಿದರೆ ತಮ್ಮ ಪಾಡಿಗೆ ಹೋಗುವವರು ನಿಮ್ಮನ್ನು ದಾಟಿ ಮುಂದೆ ಹೋಗುತ್ತಾರೆ. ನಿಮ್ಮ ಜೊತೆಗೇ ನಿಧಾನ ಮಾಡುವವರ ಬಗ್ಗೆ ಎಚ್ಚರ ಬೇಕು.

ತಿರುಗಿ ನೋಡಲು ಧೈರ್ಯ ಸಾಲದಿದ್ದರೆ ನೆಲ ನೋಡಿ. ಹಿಂದಿರುವವರು ಬೀದಿ ದೀಪವನ್ನು ದಾಟಿದ ಕೂಡಲೇ ಅವರ ನೆರಳು ಮುಂದಕ್ಕೆ ಚಾಚಿ ನಿಮ್ಮ ಕಾಲಬಳಿ ಬರುತ್ತದೆ. ದೀಪದಿಂದ ದೀಪಕ್ಕೆ ಆ ನೆರಳು ಹೆಚ್ಚುಕಡಿಮೆ ಒಂದೇ ಹೊತ್ತಿಗೆ, ಅಷ್ಟೇ ಹತ್ತಿರಕ್ಕೆ ಬರುತ್ತಿದ್ದರೆ ಅಂತರ ಬದಲಾಗಿಲ್ಲ ಎಂದರ್ಥ. ಪ್ರತಿ ಸಲವೂ ಹೆಚ್ಚು ಹತ್ತಿರ ಬರುತ್ತಿದ್ದರೆ ಅವರು ಬೇಗ ಬೇಗ ಬರುತ್ತಿದ್ದಾರೆ.

ವಾಹನದಲ್ಲಿರುವವರಿಗೆ ಬೇರೆ ಪರೀಕ್ಷೆಯಿದೆ. ಸತತ ನಾಲ್ಕು ಸಲ ಎಡಕ್ಕೇ ತಿರುಗಿದರೆ ಹೊರಟ ಜಾಗಕ್ಕೇ ಬಂದಿರುತ್ತೀರಿ, ಆಗಲೂ ಅದೇ ಗಾಡಿ ಹಿಂದಿದ್ದರೆ ಅನುಮಾನವೇ ಬೇಡ. ಆದರೆ ಕಾಲ್ನಡಿಗೆಯಲ್ಲಿ ಇದನ್ನು ಮಾಡಲೇಬಾರದು. ಸುತ್ತು ಹಾಕಲು ಹೋಗಿ ಜನರಿಲ್ಲದ ಅಡ್ಡರಸ್ತೆಗೆ ನೀವೇ ನುಗ್ಗಿದಂತಾಗುತ್ತದೆ.

ಈ ಪರೀಕ್ಷೆಗಳಲ್ಲಿ ನಿಮಗೆ ಖಾತ್ರಿಯಾಗಲಿಲ್ಲ, ಆದರೂ ಮನಸ್ಸು ಬೇಡ ಅನ್ನುತ್ತಿದೆ ಎಂದಿಟ್ಟುಕೊಳ್ಳಿ. ಆಗಲೂ ಹಿಂಬಾಲಿಸುತ್ತಿದ್ದಾರೆ ಎಂದೇ ನಡೆದುಕೊಳ್ಳಿ. ತಪ್ಪು ತಿಳಿದರೆ ಹೋಗುವುದು ಐದು ನಿಮಿಷ. "ಅವರೇನಂದುಕೊಳ್ಳುತ್ತಾರೋ" ಎಂಬ ಸಂಕೋಚದಿಂದ ಸುಮ್ಮನಾಗಿ ತೊಂದರೆಗೆ ಸಿಕ್ಕವರು ಬಹಳ.

ಖಾತ್ರಿಯಾದ ಮೇಲೆ

ತೆರೆದಿರುವ ಅಂಗಡಿ, ಆಸ್ಪತ್ರೆ, ಪೆಟ್ರೋಲ್ ಬಂಕ್, ಕಾವಲುಗಾರ ಕೂತಿರುವ ಕಟ್ಟಡ, ಯಾವುದು ಹತ್ತಿರವೋ ಅದರ ಒಳಗೆ ಹೋಗಿ. ಹೊರಗೆ ನಿಲ್ಲುವುದು ಬೇಡ, ಒಳಗೆ ಹೋಗಿ ಅಲ್ಲಿರುವವರಿಗೆ ನೇರವಾಗಿ ಹೇಳಿ: "ಒಬ್ಬ ನನ್ನ ಹಿಂದೆ ಬರುತ್ತಿದ್ದಾನೆ, ಸ್ವಲ್ಪ ಹೊತ್ತು ಇಲ್ಲಿರುತ್ತೇನೆ." ದಿನವೂ ಅದೇ ದಾರಿಯಲ್ಲಿ ನಡೆಯುವವರು ಇಂಥ ಎರಡು ಮೂರು ಜಾಗಗಳನ್ನು ಹಗಲಲ್ಲೇ ಗುರುತು ಮಾಡಿಟ್ಟುಕೊಳ್ಳಬೇಕು. ಅವು ಎಷ್ಟು ಗಂಟೆಗೆ ಮುಚ್ಚುತ್ತವೆ ಅನ್ನುವುದೂ ಗೊತ್ತಿರಬೇಕು. ಸಂಜೆ ಏಳಕ್ಕೆ ಗಿಜಿಗುಡುವ ಅಂಗಡಿ ಹತ್ತೂವರೆಗೆ ಬೀಗ ಹಾಕಿರುತ್ತದೆ.

ಕಾರು ಅಥವಾ ಬೈಕು ಹಿಂದಿನಿಂದ ನಿಮ್ಮ ಪಕ್ಕಕ್ಕೆ ಬಂದು ನಿಧಾನವಾದರೆ ತಟ್ಟನೆ ತಿರುಗಿ ಬಂದ ದಾರಿಗೇ ನಡೆಯಿರಿ. ನಿಮಗೆ ತಿರುಗಲು ಒಂದು ಸೆಕೆಂಡು ಸಾಕು, ಗಾಡಿ ಹಿಂದಕ್ಕೆ ಬರಬೇಕು ಇಲ್ಲವೇ ಯೂ-ಟರ್ನ್ ಮಾಡಬೇಕು. ಇದೇ ಕಾರಣಕ್ಕೆ ವಾಹನಗಳು ಎದುರಿನಿಂದ ಬರುವ ಬದಿಯಲ್ಲೇ ನಡೆಯುವುದು ಒಳ್ಳೆಯದು, ಬರುವುದೆಲ್ಲ ಕಣ್ಣಿಗೆ ಬೀಳುತ್ತದೆ. ಬ್ಯಾಗು ರಸ್ತೆಯ ಕಡೆಗಿರದೆ ಗೋಡೆಯ ಕಡೆಗಿರಲಿ.

ಲಿಫ್ಟಿನ ವಿಷಯಕ್ಕೆ ಬಂದರೆ, ಅನುಮಾನವಿರುವ ವ್ಯಕ್ತಿ ಒಳಗೆ ಬಂದರೆ ಬಾಗಿಲು ಮುಚ್ಚುವ ಮೊದಲೇ ಹೊರಗೆ ಬನ್ನಿ. ಬರಲಾಗದಿದ್ದರೆ ಗುಂಡಿಗಳ ಪಕ್ಕದಲ್ಲೇ ನಿಂತು ಹತ್ತಿರದ ಮಹಡಿಗಳನ್ನೆಲ್ಲ ಒತ್ತಿ. ಲಿಫ್ಟ್ ನಿಲ್ಲಿಸುವ ಗುಂಡಿ ಒತ್ತಿದರೆ ಎರಡು ಮಹಡಿಗಳ ನಡುವೆ ಅವನ ಜೊತೆಗೇ ಸಿಕ್ಕಿಕೊಳ್ಳುತ್ತೀರಿ.

ಫೋನು: ಉಪಕಾರವೂ ಅದೇ, ಅಪಾಯವೂ ಅದೇ

ಕತ್ತಲೆಗೆ ಕಣ್ಣು ಪೂರ್ತಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ಪ್ರಖರವಾದ ಪರದೆಯನ್ನು ನೋಡಿ ತಲೆಯೆತ್ತಿದರೆ ರಸ್ತೆ ಮೊದಲಿಗಿಂತ ಕಪ್ಪಾಗಿ ಕಾಣುವುದು ಅದಕ್ಕೇ. ಇಯರ್‌ಫೋನ್ ಒಂದೇ ಕಿವಿಗೆ ಹಾಕಿಕೊಂಡರೆ ಪರವಾಗಿಲ್ಲ ಅನ್ನುವವರಿದ್ದಾರೆ, ಅದೂ ಸರಿಯಲ್ಲ. ಸದ್ದು ಯಾವ ದಿಕ್ಕಿನದು ಎಂದು ತಿಳಿಯಲು ಎರಡೂ ಕಿವಿ ಬೇಕು. ಒಂದು ಮುಚ್ಚಿದರೆ ಹೆಜ್ಜೆ ಸದ್ದು ಕೇಳಬಹುದು, ಎಲ್ಲಿಂದ ಅನ್ನುವುದು ಗೊತ್ತಾಗುವುದಿಲ್ಲ.

ಫೋನಿನಿಂದ ಆಗಬೇಕಾದ ಕೆಲಸವನ್ನು ಬಸ್ಸಿಳಿಯುವ ಮೊದಲೇ ಮುಗಿಸಿ. ವಾಟ್ಸ್‌ಆ್ಯಪ್‌ನಲ್ಲಿ ಲೈವ್ ಲೊಕೇಶನ್ ಅನ್ನು 15 ನಿಮಿಷ, 1 ಗಂಟೆ ಅಥವಾ 8 ಗಂಟೆಗೆ ಹಂಚಬಹುದು. ನಿಮಗೆ 15 ನಿಮಿಷದ ದಾರಿ ಎಂದರೆ 1 ಗಂಟೆಯನ್ನೇ ಆರಿಸಿ, ಎಲ್ಲೋ ತಡೆದು ನಿಂತಾಗಲೇ ಅದು ಕೊನೆಯಾಗಬಾರದು. ಬರೀ ಹಂಚಿದರೆ ಸಾಲದು. "ಹತ್ತು ಐವತ್ತಕ್ಕೆ ನನ್ನ ಮೆಸೇಜ್ ಬರದಿದ್ದರೆ ಫೋನ್ ಮಾಡು, ಎತ್ತದಿದ್ದರೆ ಪೊಲೀಸರಿಗೆ ತಿಳಿಸು" ಎಂದು ಮೊದಲೇ ಮಾತಾಗಿರಬೇಕು.

ಆಂಡ್ರಾಯ್ಡ್ 12 ಮತ್ತು ನಂತರದ ಹಲವು ಫೋನುಗಳಲ್ಲಿ ಪವರ್ ಗುಂಡಿಯನ್ನು ಬೇಗ ಬೇಗ ಐದು ಸಲ ಒತ್ತಿದರೆ ತುರ್ತು ಕರೆ ಶುರುವಾಗುತ್ತದೆ. ಐಫೋನ್‌ನಲ್ಲಿ ಪಕ್ಕದ ಗುಂಡಿ ಮತ್ತು ವಾಲ್ಯೂಮ್ ಗುಂಡಿ ಎರಡನ್ನೂ ಒಟ್ಟಿಗೆ ಒತ್ತಿ ಹಿಡಿಯಬೇಕು. ಸೆಟ್ಟಿಂಗ್‌ನಲ್ಲಿ ಇದು ಚಾಲೂ ಇದೆಯೇ ಎಂದು ಈಗಲೇ ನೋಡಿ. ಕರೆಗೆ ಮುನ್ನ ಜೋರಾಗಿ ಸದ್ದು ಮಾಡುವ ಆಯ್ಕೆಯೂ ಅಲ್ಲೇ ಇರುತ್ತದೆ, ಅದು ಬೇಕೋ ಬೇಡವೋ ನೀವೇ ತೀರ್ಮಾನಿಸಿ. ಮೊಬೈಲ್ ಜಾಲಗಳ ಅಂತರರಾಷ್ಟ್ರೀಯ ತುರ್ತು ಸಂಖ್ಯೆ 112. ಲಾಕ್ ಆದ ಫೋನಿನಿಂದಲೂ ಹೋಗುತ್ತದೆ. ನಿಮ್ಮ ಕಂಪನಿಯ ಸಿಗ್ನಲ್ ಇಲ್ಲದಿದ್ದರೂ ಸಾಮಾನ್ಯವಾಗಿ ಬೇರೆ ಕಂಪನಿಯ ಜಾಲದಿಂದ ಹೋಗುತ್ತದೆ. ಕರೆ ಎತ್ತಿದ ಕೂಡಲೇ ಮೊದಲು ಜಾಗ ಹೇಳಿ, ಆಮೇಲೆ ಸಂಗತಿ. ಕರೆ ನಡುವೆ ಕಡಿದುಹೋದರೂ ಎಲ್ಲಿಗೆ ಬರಬೇಕು ಅನ್ನುವುದು ಅವರಿಗೆ ಗೊತ್ತಿರುತ್ತದೆ.

ಫೋನಿನಲ್ಲಿ ಮಾತಾಡುತ್ತಿರುವಂತೆ ನಟಿಸುವುದು ನಮಗೆ ಒಪ್ಪಿಗೆಯಿಲ್ಲ. ಕಿವಿಗೆ ಹಿಡಿದಾಗಲೇ ಅದು ರಿಂಗಾದರೆ ನಾಟಕ ಬಯಲು. ನಿಜವಾಗಿಯೇ ಕರೆ ಮಾಡಿ, ಎಲ್ಲಿದ್ದೀರಿ, ಹಿಂದೆ ಇರುವವರ ಬಟ್ಟೆ ಯಾವ ಬಣ್ಣ ಎಂದು ಹಿಂದಿರುವವರಿಗೂ ಕೇಳುವಂತೆ ಹೇಳಿ.

ತೀರಾ ಹತ್ತಿರ ಬಂದುಬಿಟ್ಟರೆ

ನಿಂತು, ಅವನ ಕಡೆ ತಿರುಗಿ, ಅಂಗೈ ಮುಂದೆ ಮಾಡಿ ಗಟ್ಟಿಯಾಗಿ "ಅಲ್ಲೇ ನಿಲ್ಲು" ಅನ್ನಿ. ಸುತ್ತಮುತ್ತ ಜನರಿದ್ದರೆ ಕೂಗುವ ಮಾತು ಮುಖ್ಯವಾಗುತ್ತದೆ. 1976ರಲ್ಲಿ ಶಾಟ್‌ಲ್ಯಾಂಡ್ ಮತ್ತು ಸ್ಟ್ರಾ ಎಂಬ ಮನೋವಿಜ್ಞಾನಿಗಳು ಗಂಡಸೊಬ್ಬ ಹೆಂಗಸಿನ ಮೇಲೆ ಕೈ ಮಾಡುವ ದೃಶ್ಯವನ್ನು ಬೇಕೆಂದೇ ಆಡಿ ತೋರಿಸಿದರು. ಆಕೆ "ನೀನು ಯಾರೋ ನನಗೆ ಗೊತ್ತಿಲ್ಲ" ಎಂದು ಕೂಗಿದಾಗ ನೋಡುತ್ತಿದ್ದವರಲ್ಲಿ ಶೇ. 65 ಮಂದಿ ಮಧ್ಯೆ ಬಂದರು. "ನಿನ್ನನ್ನು ಯಾಕೆ ಮದುವೆಯಾದೆನೋ" ಅಂದಾಗ ಬಂದವರು ಶೇ. 19 ಮಾತ್ರ. ಗಂಡ ಹೆಂಡಿರ ಜಗಳ ಅಂದುಕೊಂಡರೆ ಜನ ಹಿಂದೆ ಸರಿಯುತ್ತಾರೆ. ಆದ್ದರಿಂದ ಬರೀ ಕಿರುಚಬೇಡಿ, "ಇವನು ಯಾರೋ ನನಗೆ ಗೊತ್ತಿಲ್ಲ" ಎಂದೇ ಕೂಗಿ. ಗುಂಪಿನಲ್ಲಿ ಎಲ್ಲರೂ ಇನ್ನೊಬ್ಬರು ಹೋಗಲಿ ಎಂದು ಕಾಯುವುದರಿಂದ ಒಬ್ಬರನ್ನೇ ಬೊಟ್ಟು ಮಾಡಿ ಕರೆಯಿರಿ: "ನೀಲಿ ಅಂಗಿಯವರೇ, ಪೊಲೀಸರಿಗೆ ಫೋನ್ ಮಾಡಿ."

ಅವನಿಗೆ ಬೇಕಾದ್ದು ಬ್ಯಾಗೋ ಫೋನೋ ಆಗಿದ್ದರೆ ಕೊಟ್ಟುಬಿಡಿ. ಕೈಗೆ ಕೊಡುವ ಬದಲು ಒಂದು ಬದಿಗೆ ದೂರ ಎಸೆದು ಇನ್ನೊಂದು ಬದಿಗೆ ಓಡಿ. ಬ್ಯಾಗಿನ ಜೊತೆ ಮನೆಯ ಕೀ ಮತ್ತು ವಿಳಾಸವಿರುವ ಗುರುತಿನ ಚೀಟಿ ಎರಡೂ ಹೋದರೆ ಅವತ್ತೇ ಬೀಗ ಬದಲಿಸಬೇಕಾಗುತ್ತದೆ. ಹಾಗಾಗಿ ಕೀ ಜೇಬಿನಲ್ಲಿರಲಿ.

ಬೆರಳ ಸಂದಿಯಲ್ಲಿ ಕೀ ಹಿಡಿದು ಗುದ್ದುವ ಸಲಹೆ ಎಲ್ಲೆಡೆ ಓಡಾಡುತ್ತಿದೆ, ಅದನ್ನು ಬಿಟ್ಟುಬಿಡಿ. ಕೀ ಜಾರಿ ನಿಮ್ಮ ಬೆರಳೇ ಕೊಯ್ಯುತ್ತದೆ. ಪೆಪ್ಪರ್ ಸ್ಪ್ರೇ ಎದುರುಗಾಳಿಗೆ ನಿಮ್ಮ ಮುಖಕ್ಕೇ ಹಾರುತ್ತದೆ, ಅವಧಿ ಮುಗಿದರೆ ಒತ್ತಡ ಇಳಿದು ದೂರ ಹೋಗುವುದಿಲ್ಲ, ಬ್ರಿಟನ್ನಿನಂಥ ದೇಶಗಳಲ್ಲಿ ಇಟ್ಟುಕೊಳ್ಳುವುದೇ ಅಪರಾಧ. ಪಿನ್ನು ಎಳೆದರೆ ಕೂಗುವ ಅಲಾರಂ ಇವೆರಡಕ್ಕಿಂತ ವಾಸಿ, ಅದರಿಂದ ನಿಮಗೆ ಏಟಾಗುವುದಿಲ್ಲ. ಆದರೆ ಬ್ಯಾಗಿನ ತಳದಲ್ಲಿದ್ದರೆ ಇದ್ದೂ ಇಲ್ಲದಂತೆ. ಪಟ್ಟಿಗೆ ಕಟ್ಟಿ, ತಿಂಗಳಿಗೊಮ್ಮೆ ಎಳೆದು ಬ್ಯಾಟರಿ ನೋಡಿ.

ಅದೇ ವ್ಯಕ್ತಿ ಮತ್ತೆ ಮತ್ತೆ ಕಂಡರೆ

ಆಗ ಇದು ದಾರಿಹೋಕನ ವಿಷಯವಲ್ಲ, ದೂರು ಕೊಡಬೇಕಾದ ವಿಷಯ. ತಾರೀಕು, ಸಮಯ, ಜಾಗ, ಗಾಡಿ ನಂಬರು ಅಂದಂದೇ ಬರೆದಿಡಿ. ಚಹರೆ ಬರೆಯುವಾಗ ಚಪ್ಪಲಿ ಅಥವಾ ಶೂ ಹೇಗಿತ್ತು ಅನ್ನುವುದನ್ನು ಮರೆಯಬೇಡಿ. ಅಂಗಿ, ಟೋಪಿ ದಾರಿಯಲ್ಲೇ ಬದಲಿಸಬಹುದು, ಶೂ ಬದಲಿಸುವವರು ಕಡಿಮೆ. ನೀವು ದಾರಿ, ಸಮಯ ಬದಲಿಸಿದರೂ ಆ ವ್ಯಕ್ತಿ ಎದುರಾಗುತ್ತಿದ್ದರೆ ನಿಮ್ಮ ಬ್ಯಾಗಿನಲ್ಲೋ ಗಾಡಿಯಲ್ಲೋ ಏರ್‌ಟ್ಯಾಗ್‌ನಂಥ ಟ್ರ್ಯಾಕರ್, ಅಂದರೆ ತಾನಿರುವ ಜಾಗವನ್ನು ಮಾಲೀಕನ ಫೋನಿಗೆ ತಿಳಿಸುವ ಪುಟ್ಟ ಸಾಧನ, ಇರಬಹುದು. ಅಪರಿಚಿತ ಟ್ರ್ಯಾಕರ್ ನಿಮ್ಮ ಜೊತೆ ಚಲಿಸುತ್ತಿದ್ದರೆ ಐಫೋನ್ ಎಚ್ಚರಿಸುತ್ತದೆ. ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್‌ನ ಸುರಕ್ಷತೆ ವಿಭಾಗದಿಂದ ನೀವೇ ಹುಡುಕಬಹುದು. ಸಿಕ್ಕರೆ ಸಿಟ್ಟಿಗೆ ಚರಂಡಿಗೆ ಎಸೆಯಬೇಡಿ. ಅದರ ಸೀರಿಯಲ್ ನಂಬರಿನಿಂದ ಪೊಲೀಸರು ಮಾಲೀಕನನ್ನು ಪತ್ತೆ ಮಾಡಲು ಸಾಧ್ಯವಿದೆ. ಸಿಕ್ಕ ಜಾಗದಲ್ಲೇ ಫೋಟೊ ತೆಗೆದು, ಮನೆಗೆ ಒಯ್ಯದೆ ನೇರವಾಗಿ ಠಾಣೆಗೆ ಹೋಗಿ.