ನೆಗ್ಗಿಲು ಇಲಿಯ ಪಂಜರಕ್ಕೆ ಬಂದ ದಾರಿ

ಹೊಲದ ಬದುವಿನಲ್ಲಿ ಬರಿಗಾಲಲ್ಲಿ ನಡೆದವರಿಗೆ ನೆಗ್ಗಿಲು ಮುಳ್ಳಿನ ಪರಿಚಯ ಮಾಡಿಕೊಡಬೇಕಿಲ್ಲ. ನೆಲಕ್ಕೆ ಅಂಟಿ ಹಬ್ಬುವ ಬಳ್ಳಿ, ಪುಟ್ಟ ಹಳದಿ ಹೂವು, ಯಾವ ಮಗ್ಗುಲಿಗೆ ಬಿದ್ದರೂ ಒಂದು ಮುಳ್ಳು ಮೇಲಕ್ಕೆ ನಿಲ್ಲುವ ಕಾಯಿ. ಸಂಸ್ಕೃತದಲ್ಲಿ ಇದು ಗೋಕ್ಷುರ. ಶ್ವದಂಷ್ಟ್ರ, ಅಂದರೆ ನಾಯಿಯ ಕೋರೆಹಲ್ಲು ಎಂಬ ಹೆಸರೂ ಇದೆ. ಈ ಎರಡನೆಯ ಹೆಸರಿನಲ್ಲೇ ಅದು ಚರಕ ಸಂಹಿತೆಯು ಹೇಳುವ, ಮೂತ್ರ ಹೆಚ್ಚಿಸುವ ಹತ್ತು ಮೂಲಿಕೆಗಳ ಸಾಲಿನಲ್ಲಿ ಕುಳಿತಿದೆ. ಉರಿಮೂತ್ರಕ್ಕೆ ಕಾಯಿಯನ್ನು ಜಜ್ಜಿ ಕಷಾಯ ಕಾಯಿಸುವವರು ಇಂದಿಗೂ ಇದ್ದಾರೆ.

ಮೂತ್ರ ಹೆಚ್ಚಾಯಿತು ಎಂದರೆ ಎಷ್ಟು ಹೆಚ್ಚಾಯಿತು? ಇದನ್ನು ಅಳೆಯಲು ಆಧುನಿಕ ವೈದ್ಯವೂ ಬಹುಕಾಲ ತಡಕಾಡಿತು. 1785ರಲ್ಲಿ ಫಾಕ್ಸ್‌ಗ್ಲವ್ ಎಂಬ ಗಿಡದ ಎಲೆಗೆ ಮೈಯ ಬಾವು ಇಳಿಸುವ ಗುಣವಿರುವುದನ್ನು ಪ್ರಕಟಿಸಿದ ಇಂಗ್ಲೆಂಡಿನ ವಿಲಿಯಂ ವಿದರಿಂಗ್, ಮೈ ಬಾತುಕೊಂಡ ರೋಗಿಗಳ ಮೇಲೇ ಅದರ ಪ್ರಮಾಣವನ್ನು ಕಲಿತವರು. 20ನೇ ಶತಮಾನದ ಮೊದಲರ್ಧದಲ್ಲಿ ಮೈಯ ನೀರಿಳಿಸಲು ಪಾದರಸದ ಚುಚ್ಚುಮದ್ದನ್ನೇ ಕೊಡುತ್ತಿದ್ದರು.

1943ರಲ್ಲಿ ಲಿಪ್‌ಶಿಟ್ಜ್ ಮತ್ತು ಸಂಗಡಿಗರು ಇಲಿಗಳ ಮೇಲಿನ ಒಂದು ಸರಳ ಅಳತೆಯನ್ನು ಮುಂದಿಟ್ಟರು. ಉಪವಾಸವಿದ್ದ ಇಲಿಗೆ ಬಾಯಿಯ ಮೂಲಕ ಔಷಧ ಕೊಟ್ಟು, ಉಪ್ಪುನೀರು ಕುಡಿಸಿ, ತಳದಲ್ಲಿ ಜಾಲರಿಯಿರುವ ಪಂಜರದಲ್ಲಿ ಬಿಡುತ್ತಾರೆ. ಹಿಕ್ಕೆ ಮೇಲೆಯೇ ಉಳಿಯುತ್ತದೆ, ಮೂತ್ರ ಕೆಳಗಿನ ಅಳತೆಗಾಜಿಗೆ ಹನಿಯುತ್ತದೆ. ಐದು ಗಂಟೆಗಳ ಬಳಿಕ ಓದಿದ ಮಿಲಿಲೀಟರುಗಳನ್ನು, ಮೂತ್ರ ಹೆಚ್ಚಿಸುತ್ತದೆಂದು ಮೊದಲೇ ಗೊತ್ತಿದ್ದ ಯೂರಿಯಾ ಕೊಟ್ಟ ಇಲಿಗಳ ಅಳತೆಯಿಂದ ಭಾಗಿಸುತ್ತಾರೆ. ಭಾಗಲಬ್ಧ 1 ದಾಟಿದರೆ ಗುಣ ಇದೆ, 2 ದಾಟಿದರೆ ಪ್ರಬಲ. ಮುಂದೆ ಯೂರಿಯಾದ ಜಾಗಕ್ಕೆ ಬಹುಪಾಲು ಫ್ಯೂರೋಸೆಮೈಡ್ ಎಂಬ, ಮೂತ್ರ ಹೆಚ್ಚಿಸುವ ಆಧುನಿಕ ಔಷಧ ಬಂತು. ಮೂತ್ರದಲ್ಲಿನ ಸೋಡಿಯಂ, ಪೊಟ್ಯಾಸಿಯಂಗಳ ಲೆಕ್ಕವೂ ಸೇರಿತು.

ನೆಗ್ಗಿಲು ಈ ಪರೀಕ್ಷೆಯಲ್ಲಿ ಗೆದ್ದಿದೆ. 2003ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಅದರ ನೀರಿನ ಸಾರವು ಫ್ಯೂರೋಸೆಮೈಡ್‌ಗಿಂತ ತುಸು ಹೆಚ್ಚೇ ಮೂತ್ರ ಇಳಿಸಿತು. ಜೊತೆಗೆ ಪರೀಕ್ಷಿಸಿದ ಮೆಕ್ಕೆಜೋಳದ ಸಾರ ಒಂಟಿಯಾಗಿ ಹೇಳಿಕೊಳ್ಳುವಂಥ ಫಲ ಕೊಡಲಿಲ್ಲ. ಆದರೆ ಪ್ರಮಾಣ ನೋಡಿ: ತೂಕದ ಪ್ರತಿ ಕಿಲೋಗೆ 5 ಗ್ರಾಂ. 60 ಕಿಲೋ ತೂಗುವ ಮನುಷ್ಯನಿಗೆ ನೇರ ಲೆಕ್ಕದಲ್ಲಿ 300 ಗ್ರಾಂ! ಇಲಿ ಮತ್ತು ಮನುಷ್ಯರ ಮೈಯ ಮೇಲ್ಮೈಯನ್ನು ಲೆಕ್ಕ ಹಿಡಿದು ತಗ್ಗಿಸಿದರೂ ಸುಮಾರು 50 ಗ್ರಾಂ ಸಾರ. ಯಾವ ಅಜ್ಜಿಯೂ ಅಷ್ಟು ಕುಡಿಸಿದವಳಲ್ಲ. ಹಾಗಾಗಿ ‘ಔಷಧಕ್ಕೆ ಸಮ’ ಎಂಬ ಮಾತನ್ನು ಪೊಟ್ಟಣದ ಮೇಲೆ ಅಚ್ಚು ಹಾಕುವುದು ನನಗೆ ತಪ್ಪಾಗಿಯೇ ಕಾಣುತ್ತದೆ.

ಇನ್ನೊಂದು ತೊಡಕು ಗಿಡದೊಳಗೇ ಇದೆ. ನೆಗ್ಗಿಲಿನಲ್ಲಿ ಪೊಟ್ಯಾಸಿಯಂ ಲವಣಗಳು ಹೇರಳ; ಮೂತ್ರ ಹೆಚ್ಚುವುದಕ್ಕೆ ಅವೂ ಕಾರಣವೆಂಬ ವಿವರಣೆ ಹಳೆಯದು. ಪಂಜರದ ಇಲಿ ಆರೋಗ್ಯವಂತ ಪ್ರಾಣಿ, ಹೆಚ್ಚಾದ ಪೊಟ್ಯಾಸಿಯಂ ಅನ್ನು ಮೂತ್ರದಲ್ಲಿ ಹೊರಹಾಕಿಬಿಡುತ್ತದೆ. ಕಾಲು ಬಾತುಕೊಂಡಿದೆ ಎಂದು ಕಷಾಯದ ಲೋಟ ಹಿಡಿಯುವವರಲ್ಲಿ ಹಲವರ ಮೂತ್ರಪಿಂಡ ಆಗಲೇ ಸೋತಿರುತ್ತದೆ. ಅವರ ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಹೃದಯದ ಬಡಿತವೇ ತಪ್ಪಬಹುದು.